ಹನ್ನೊಂದು ಸೆಕೆಂಡುಗಳ ಬಗ್ಗೆ ಮಾಜಿ ಅಧ್ಯಕ್ಷರಿಗೆ ಹಿಡಿಕೆ ತಿರುಗಿಸಿದವನ ಅರಿಕೆ

ಸನ್ಮಾನ್ಯ ಮಾಜಿ ಅಧ್ಯಕ್ಷರ ಸಮಕ್ಷಮಕ್ಕೆ,

ಮಾನ್ಯರೇ,

ಈ ವಯಸ್ಸಿನಲ್ಲಿ ನನ್ನ ಸೊಂಟ ಎಷ್ಟು ಬಗ್ಗುತ್ತದೆಯೋ ಅಷ್ಟು ಬಗ್ಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದೂ, ತಮ್ಮ ಮಂಡಿ ನೋವು ಇಳಿಮುಖವಾಗಿದೆಯೆಂದೂ, ಬೆಳಗಿನ ವಾಕಿಂಗಿನಲ್ಲಿ ಈಗ ಮೊದಲಿನಷ್ಟು ಫೋಟೊದವರು ಬೆನ್ನು ಹತ್ತುತ್ತಿಲ್ಲವೆಂದೂ ಪತ್ರಿಕೆಗಳಲ್ಲಿ ಓದಿ, ಮೊದಲೆರಡು ಸಂಗತಿಗಳಿಗೆ ನನ್ನ ಸಂತೋಷವನ್ನೂ ಮೂರನೆಯದಕ್ಕೆ ತಮ್ಮ ಪರವಾಗಿ ವಿಷಾದವನ್ನೂ ಈ ಮೂಲಕ ಸಲ್ಲಿಸುತ್ತೇನೆ.

ತಮ್ಮ ಮನೆಯ ವಿಳಾಸಕ್ಕೇ ಬರೆಯಬಹುದಿತ್ತಲ್ಲ, ಊರೆಲ್ಲ ಓದುವಂತೆ ಪತ್ರಿಕೆಗೆ ಯಾಕೆ ಬರೆದೆ ಎಂದು ತಾವು ಕೇಳಬಹುದು. ಹಾಗೆಯೇ ಎರಡು ಸಲ ಬರೆದಿದ್ದೆ. ಎರಡು ಸಲವೂ ತಮ್ಮ ನಗುಮುಖದ ಭಾವಚಿತ್ರವೂ, ಅದರ ಕೆಳಗೆ 'ನಿಮ್ಮ ಅಭಿಮಾನವೇ ನನ್ನ ಶಕ್ತಿ' ಎಂಬ ಅಚ್ಚಾದ ಸಾಲೂ ಇರುವ ಕಾರ್ಡು ಬಂತು. ನಾನು ಬರೆದದ್ದು ಅಭಿಮಾನದ ಪತ್ರವಾಗಿರಲಿಲ್ಲ, ದೂರಿನ ಪತ್ರವಾಗಿತ್ತು. ದೂರಿನಿಂದಲೂ ಶಕ್ತಿ ಪಡೆಯಬಲ್ಲ ತಮ್ಮ ದೇಹಪ್ರಕೃತಿಗೆ ಬೆರಗಾಗಿ, ಮೂರನೆಯ ಕಾರ್ಡು ಇಡಲು ಮನೆಯಲ್ಲಿ ಜಾಗವಿಲ್ಲದ ಕಾರಣ ಈ ದಾರಿ ಹಿಡಿದಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳಬೇಕು.

ತಮ್ಮ ಆತ್ಮಕಥೆಗಾಗಿ ನಮ್ಮ ಬೀದಿ ಕಾಯುತ್ತಿರುವ ಪರಿಯನ್ನು ಮೊದಲು ತಿಳಿಸಬೇಕು. ಮೂಲೆಯ ಪುಸ್ತಕದ ಅಂಗಡಿಯವರು ಗಾಜಿನ ಕಿಟಕಿಯ ಉದ್ದಗಲಕ್ಕೂ ತಮ್ಮ ಮುಖವನ್ನು ಅಂಟಿಸಿದ್ದಾರೆ. ತಾವು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದೀರಿ. ಕೆಳಗೆ 'ಹನ್ನೊಂದು ಸೆಕೆಂಡುಗಳ ಆಚೆ' ಎಂಬ ಹೆಸರು, ಅದರ ಕೆಳಗೆ 'ಒಂಬೈನೂರ ಹನ್ನೆರಡು ಪುಟಗಳು', ಅದರ ಕೆಳಗೆ ಬಿಡುಗಡೆಯ ತಾರೀಖು. ಆ ತಾರೀಖು ಮೂರು ಸಲ ಬದಲಾಗಿ, ಚೀಟಿಯ ಮೇಲೆ ಚೀಟಿ ಅಂಟಿ, ಈಗ ಅದೊಂದು ಭಾಗ ತಮ್ಮ ಗಲ್ಲಕ್ಕಿಂತ ಮುಂದೆ ಬಂದಿದೆ. ಮುಂಗಡ ಹೆಸರು ಬರೆಸಿದವರಲ್ಲಿ ನನ್ನದು ಏಳನೆಯದು. ಮೊದಲ ಆರು ಮಂದಿಯಲ್ಲಿ ನಾಲ್ವರು ತಮ್ಮ ಸಂಪುಟದಲ್ಲಿ ಮಂತ್ರಿಗಳಾಗಿದ್ದವರು. ಅವರಿಗೆ ಪುಸ್ತಕ ಓದುವ ಆತುರಕ್ಕಿಂತ ಅದರಲ್ಲಿ ತಂತಮ್ಮ ಹೆಸರು ಇದೆಯೋ ಇಲ್ಲವೋ ನೋಡುವ ಆತುರವೆಂದು ಅಂಗಡಿಯವರು ಹೇಳಿದರು. ಇದ್ದರೆ ಒಂದು ಚಿಂತೆ, ಇಲ್ಲದಿದ್ದರೆ ಇನ್ನೊಂದು ಚಿಂತೆಯಂತೆ, ಪಾಪ.

ಪೋಸ್ಟರಿನ ಮೇಲ್ಗಡೆ ಕೆಂಪು ಅಕ್ಷರದಲ್ಲಿ ಒಂದು ಪ್ರಶ್ನೆ ಇದೆ: 'ಆ ಮೌನದಲ್ಲಿ ಅಧ್ಯಕ್ಷರು ಕಂಡದ್ದೇನು? ಮೊದಲ ಬಾರಿಗೆ!' ತಾವು ಕಂಡದ್ದೇನೆಂದು ಕಣ್ಣಾರೆ ಬಲ್ಲವರು ಭೂಮಿಯ ಮೇಲೆ ಇಬ್ಬರೇ, ತಾವು ಮತ್ತು ನಾನು. ತಾವು ಕಂಡದ್ದು ನಾಲ್ಕು ಬೆರಳಗಲದ ಖಾಲಿ ಕಾಗದ.

ನಾನು ಯಾರೆಂದು ತಮಗೆ ನೆನಪಿರಲಿಕ್ಕಿಲ್ಲ, ಅದು ತಮ್ಮ ತಪ್ಪೂ ಅಲ್ಲ. ಹನ್ನೆರಡು ವರ್ಷ ತಾವು ವೇದಿಕೆಯ ಮೇಲೆ ನಿಂತಾಗಲೆಲ್ಲ ತಮ್ಮ ಬೂಟಿನ ನೇರಕ್ಕೆ ಕೆಳಗೆ, ಕರಿಬಟ್ಟೆಯ ಮರೆಯಲ್ಲಿ, ಮೋಟು ಸ್ಟೂಲಿನ ಮೇಲೆ ಕುಳಿತಿರುತ್ತಿದ್ದವನು ನಾನು. ಕಚೇರಿಯ ಕಾಗದಗಳಲ್ಲಿ ನನ್ನ ಹುದ್ದೆಗೆ 'ಭಾಷಣ ಪ್ರದರ್ಶಕ ಯಂತ್ರದ ನಿರ್ವಾಹಕ' ಎಂದು ಹೆಸರಿತ್ತು. ಎಲ್ಲರೂ ಕರೆಯುತ್ತಿದ್ದದ್ದು 'ರೋಲಪ್ಪ' ಎಂದು. ಆಗ ಈಗಿನಂತೆ ಕಂಪ್ಯೂಟರ್ ಪರದೆ ಇರಲಿಲ್ಲ. ತಮ್ಮ ಭಾಷಣವನ್ನು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿ ಉದ್ದುದ್ದ ಕಾಗದದ ಪಟ್ಟಿಗಳ ಮೇಲೆ ಬರೆದು, ಪಟ್ಟಿಗೆ ಪಟ್ಟಿ ಅಂಟಿಸಿ, ಎರಡು ಉರುಳೆಗಳಿಗೆ ಸುತ್ತಿ, ಪೆಟ್ಟಿಗೆಯೊಳಗೆ ದೀಪ ಹಚ್ಚಿ, ಹಿಡಿಕೆ ತಿರುಗಿಸಿದರೆ ಸಾಲುಗಳು ಮೇಲಕ್ಕೆ ಸರಿಯುತ್ತಾ ತಮ್ಮ ಎದುರಿನ ಓರೆ ಗಾಜಿನಲ್ಲಿ ಮೂಡುತ್ತಿದ್ದವು. ಜನರಿಗೆ ಗಾಜು ಕಾಣುತ್ತಿರಲಿಲ್ಲ, ತಾವು ಮಾತ್ರ ಕಾಣುತ್ತಿದ್ದಿರಿ. ಕೈಯಲ್ಲಿ ಒಂದು ಚೀಟಿಯೂ ಇಲ್ಲದೆ ಗಂಟೆಗಟ್ಟಲೆ ಮಾತಾಡುವ ಮಹಾನುಭಾವ ಎಂದು ಜನ ಮೂಗಿನ ಮೇಲೆ ಬೆರಳಿಡುತ್ತಿದ್ದರು. ಕೆಳಗೆ ನನ್ನ ರಟ್ಟೆ ಬಿದ್ದುಹೋಗುತ್ತಿತ್ತು.

ನಮ್ಮ ಕೆಲಸಕ್ಕೆ ಒಂದೇ ನಿಯಮ. ರೋಲು ಮಾತಿನ ಹಿಂದೆ ಹೋಗಬೇಕೇ ಹೊರತು ಮುಂದೆ ಹೋಗಬಾರದು. ಭಾಷಣಕಾರರು ಬೇಗ ಓದಿದರೆ ಬೇಗ ತಿರುಗಿಸು, ನಿಧಾನವಾದರೆ ನಿಧಾನವಾಗು, ನಿಂತರೆ ನಿಲ್ಲು. ಇದನ್ನು ನನಗೆ ಕಲಿಸಿದ ಗುರುಗಳು, ಅರ್ಥಕ್ಕೆ ಕಿವಿಗೊಡಬೇಡ, ಉಸಿರಿಗೆ ಕಿವಿಗೊಡು ಎನ್ನುತ್ತಿದ್ದರು. ಹಾಗಾಗಿ ತಮ್ಮ ಸಾವಿರದೈನೂರು ಭಾಷಣಗಳನ್ನು ಬೇರೆ ಯಾರಿಗಿಂತಲೂ ಹತ್ತಿರದಿಂದ ಕೇಳಿಯೂ ಒಂದೂ ತಲೆಗೆ ಹೋಗದ ಭಾಗ್ಯ ನನ್ನದಾಯಿತು. ಆದರೆ ತಮ್ಮ ಉಸಿರಿನ ವಿಷಯದಲ್ಲಿ ನನ್ನಷ್ಟು ತಿಳಿದವರು ತಮ್ಮ ವೈದ್ಯರೂ ಅಲ್ಲ. ಯಾವ ಪದಕ್ಕೆ ತಾವು ಓಡುತ್ತೀರಿ, ಯಾವುದಕ್ಕೆ ಎಡವುತ್ತೀರಿ ಎಲ್ಲ ನನಗೆ ಗೊತ್ತಿತ್ತು. ಅದರಲ್ಲೂ 'ನಾನು' ಎಂಬ ಪದ ಬಂದಾಗ ತಾವು ಅಲ್ಲಿ ಸ್ವಲ್ಪ ತಂಗಿ, ದಣಿವಾರಿಸಿಕೊಂಡೇ ಮುಂದೆ ಹೋಗುವ ವಾಡಿಕೆ.

ಈಗ ಆ ದಿನಕ್ಕೆ ಬರುತ್ತೇನೆ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ದೊಡ್ಡ ಚೌಕದಲ್ಲಿ ನಲವತ್ತು ಸಾವಿರ ಜನ, ತಾವು ಎರಡನೆಯ ಸಲ ಗೆದ್ದು ಪ್ರಮಾಣವಚನ ತೆಗೆದುಕೊಂಡ ದಿನ. ಭಾಷಣದ ಪಟ್ಟಿಗಳನ್ನು ನಾನು ಹಿಂದಿನ ದಿನವೇ ಅಂಟಿಸಿ, ಪ್ರತಿ ಪಟ್ಟಿಯೂ ಪೂರ್ಣವಿರಾಮಕ್ಕೇ ಮುಗಿಯುವಂತೆ ನೋಡಿಕೊಂಡಿದ್ದೆ. ಅಂಟು ಹಚ್ಚಲು ಪ್ರತಿ ಪಟ್ಟಿಯ ಕೊನೆಯಲ್ಲಿ ನಾಲ್ಕು ಬೆರಳು ಜಾಗ ಖಾಲಿ ಬಿಡಬೇಕಾಗುತ್ತದೆ, ಆ ಖಾಲಿ ಜಾಗ ವಾಕ್ಯದ ಮಧ್ಯೆ ಬರಬಾರದು, ಅದೇ ಅದರ ಗುಟ್ಟು. ಆದರೆ ಬೆಳಿಗ್ಗೆ ತಮ್ಮ ಕಾರ್ಯದರ್ಶಿಗಳು ಓಡಿ ಬಂದು ಪೂರ್ವಜರ ತ್ಯಾಗದ ಬಗ್ಗೆ ಒಂಬತ್ತು ಸಾಲು ಹೆಚ್ಚಿಗೆ ಸೇರಿಸಬೇಕೆಂದರು. ಸೇರಿಸಿದೆ. ಪೂರ್ವಜರು ಬಂದು ಕುಳಿತ ಕೂಡಲೇ ಕೆಳಗಿನ ಸಾಲುಗಳೆಲ್ಲ ಜರುಗಿ, ಒಂದು ಪಟ್ಟಿ 'ಪ್ರತಿಯೊಂದು ಮನೆಗೂ ನಾನು' ಎಂಬಲ್ಲಿಗೆ ಮುಗಿದುಹೋಯಿತು. ಸಮಯವಿಲ್ಲ, ಅಂಟು ಒಣಗಿರಲಿಲ್ಲ, ಹೋಗಲಿ ಬಿಡು ಎಂದುಕೊಂಡೆ. ನನ್ನ ತಪ್ಪು ಅದೊಂದೇ, ಅದನ್ನು ನಾನು ಎಂದೂ ಮುಚ್ಚಿಟ್ಟಿಲ್ಲ.

ತಾವು 'ಪ್ರತಿಯೊಂದು ಮನೆಗೂ ನಾನು' ಎಂದು ಓದಿ, ವಾಡಿಕೆಯಂತೆ ತಂಗಿದಿರಿ. ಧ್ವನಿ ನಿಂತಿತು, ನಿಯಮದ ಪ್ರಕಾರ ನಾನೂ ಹಿಡಿಕೆ ನಿಲ್ಲಿಸಿದೆ. ದಣಿವಾರಿಸಿಕೊಂಡು ತಾವು ಗಾಜು ನೋಡಿದರೆ ಅಲ್ಲಿ ಬರೀ ಬಿಳುಪು. ಮುಂದಿನ ಸಾಲು ಬರಲಿ ಎಂದು ತಾವು ಕಾದಿರಿ. ತಮ್ಮ ಧ್ವನಿ ಬರಲಿ ಎಂದು ನಾನು ಕಾದೆ. ಸಾಲಿಲ್ಲದೆ ತಾವು ಮಾತಾಡುವಂತಿಲ್ಲ, ಮಾತಿಲ್ಲದೆ ನಾನು ತಿರುಗಿಸುವಂತಿಲ್ಲ. ನಲವತ್ತು ಸಾವಿರ ಜನ ಪಿಟ್ಟೆನ್ನದೆ ನಿಂತಿದ್ದರು. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಬಿಕ್ಕಿದ ಸದ್ದು ಕೇಳಿಸಿತು. ಅಧ್ಯಕ್ಷರಿಗೆ ಏನೋ ಆಗಿಹೋಯಿತೆಂದೇ ತಿಳಿದೆ. ಇಣುಕಿ ನೋಡಿದರೆ ತಾವು ದಿಗಂತವನ್ನೇ ದಿಟ್ಟಿಸುತ್ತಿದ್ದಿರಿ. ದಿಗಂತವಲ್ಲ, ಗಾಜು. ಹನ್ನೊಂದನೆಯ ಸೆಕೆಂಡಿಗೆ ನನ್ನ ಮೂಗು ತುರಿಸಿತು. ತುರಿಸಿಕೊಳ್ಳಲು ಕೈ ಎತ್ತಿದಾಗ ಮೊಣಕೈ ತಾಗಿ ಹಿಡಿಕೆ ಅರ್ಧ ಸುತ್ತು ತಿರುಗಿತು, ಮುಂದಿನ ಸಾಲು ಮೇಲೆ ಬಂತು, ತಾವು ಒದ್ದೆ ದನಿಯಲ್ಲಿ 'ನಲ್ಲಿ ಹಾಕಿಸಿಕೊಡುತ್ತೇನೆ' ಎಂದಿರಿ. ಚೌಕವೇ ಅತ್ತುಬಿಟ್ಟಿತು. ನಲ್ಲಿಯ ಹೆಸರು ಕೇಳಿ ಅಷ್ಟು ಜನ ಒಟ್ಟಿಗೆ ಅತ್ತದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಸಭೆ ಮುಗಿದಾಗ ತಮ್ಮ ಕಾರ್ಯದರ್ಶಿಗಳು ಕೆಂಡದಂತೆ ಮುಖ ಮಾಡಿಕೊಂಡು ಬಂದು, ನಾಳೆ ಹತ್ತು ಗಂಟೆಗೆ ಕಚೇರಿಗೆ ಬಾ ಎಂದರು. ಹೋದೆ. ಮೇಜಿನ ಮೇಲೆ ನನ್ನ ಅಮಾನತಿನ ಆದೇಶ ಟೈಪಾಗಿ ಕುಳಿತಿತ್ತು. ಪಕ್ಕದಲ್ಲಿ ಅಂದಿನ ಪತ್ರಿಕೆಗಳೂ ಇದ್ದವು. 'ಮಾತಿಗಿಂತ ಮಿಗಿಲಾದ ಮೌನ' ಎಂದು ಒಂದು, 'ಅಧ್ಯಕ್ಷರ ಕಂಠ ಬಿಗಿದ ಆ ಹನ್ನೊಂದು ಸೆಕೆಂಡು' ಎಂದು ಇನ್ನೊಂದು. ಕಾರ್ಯದರ್ಶಿಗಳು ಆದೇಶವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ನನ್ನ ಕೈ ಕುಲುಕಿ, "ಆ ಹನ್ನೊಂದು ಸೆಕೆಂಡು ಇನ್ಮೇಲೆ ಅಧ್ಯಕ್ಷರದ್ದು. ನಿಮ್ಮದಲ್ಲ. ತಿಳೀತಾ?" ಎಂದರು. ತಿಳಿಯಿತು. ಹೆಂಡತಿ, ಮಗಳು ಇದ್ದ ಮನುಷ್ಯನಿಗೆ ಇಂಥವು ಬೇಗ ತಿಳಿಯುತ್ತವೆ.

ಆಮೇಲೆ ತಮ್ಮ ಮೌನ ಕಂಡ ಏಳಿಗೆಯನ್ನು ಸ್ಮರಿಸದಿದ್ದರೆ ನಾನು ಕೃತಘ್ನನಾಗುತ್ತೇನೆ. ಪ್ರತಿ ಭಾಷಣದಲ್ಲೂ ಒಂದು ಮೌನ ಇಡತಕ್ಕದ್ದೆಂದು ಆಜ್ಞೆಯಾಯಿತು. ಆ ನಾಲ್ಕು ಬೆರಳಿನ ಖಾಲಿ ಜಾಗವನ್ನು ನಾನು ಬೇಕೆಂದೇ ಅಳೆದು ಅಂಟಿಸತೊಡಗಿದೆ. ಶಾಲೆಗೆ ಏಳು ಸೆಕೆಂಡು, ಆಸ್ಪತ್ರೆಗೆ ಒಂಬತ್ತು, ಸೈನಿಕರ ಮುಂದೆ ಹನ್ನೊಂದು. ಪೈಪಿನ ಕಾರ್ಖಾನೆಯ ಉದ್ಘಾಟನೆಯಲ್ಲಿ ಉತ್ಸಾಹ ಹೆಚ್ಚಾಗಿ ಹದಿನಾಲ್ಕಕ್ಕೆ ಹೋದಾಗ, ಮುಂದಿನ ಸಾಲಿನಲ್ಲಿದ್ದ ನರ್ಸಮ್ಮ ತಮಗೆ ತಲೆ ಸುತ್ತಿತೆಂದು ಹೆದರಿ ವೇದಿಕೆಗೆ ನುಗ್ಗಿ ತಮ್ಮ ನಾಡಿ ಹಿಡಿದದ್ದು ತಮಗೆ ನೆನಪಿರಬಹುದು. ಅದು ಆತ್ಮಕಥೆಯಲ್ಲಿ ಬರುತ್ತದೆಂದು ನಂಬಿದ್ದೇನೆ.

ತಾವು ಅಧಿಕಾರದಿಂದ ಇಳಿದ ಮೇಲೂ ಆ ಮೌನ ಇಳಿಯಲಿಲ್ಲ. ದೊಡ್ಡ ಚೌಕಕ್ಕೆ ಮೌನ ಚೌಕವೆಂದು ಹೆಸರಾಯಿತು. ಏಳು ದಿಕ್ಕಿನ ಬಸ್ಸುಗಳು ಅಲ್ಲಿಯೇ ಕೂಡಿ ಹಾರ್ನು ಹೊಡೆಯುವುದರಿಂದ ಆ ಹೆಸರು ಬಲು ಒಪ್ಪುತ್ತದೆ. ವರ್ಷಕ್ಕೊಮ್ಮೆ ಸರ್ಕಾರಿ ಕಚೇರಿಗಳಲ್ಲಿ ಹನ್ನೊಂದು ಸೆಕೆಂಡು ಮೌನ ಆಚರಿಸುತ್ತಾರೆ, ಕೆಲವು ಗುಮಾಸ್ತರು ತಮ್ಮ ಮೇಲಿನ ಗೌರವದಿಂದ ಅದನ್ನು ಊಟದ ಹೊತ್ತಿನ ತನಕ ಮುಂದುವರಿಸುತ್ತಾರೆ. ನಲ್ಲಿಯ ವಿಷಯದಲ್ಲಿ ತಾವು ಕೊಟ್ಟ ಮಾತನ್ನು ಉಳಿಸಿಕೊಂಡಿರಿ, ಅದನ್ನು ಅಲ್ಲಗಳೆಯುವವನು ನಾನಲ್ಲ. ನಮ್ಮ ಬೀದಿಯ ಪ್ರತಿ ಮನೆಗೂ ನಲ್ಲಿ ಬಂದಿದೆ. ಮೂರು ದಿನಕ್ಕೊಮ್ಮೆ ಅದರಲ್ಲಿ ನೀರೂ ಬರುತ್ತದೆ, ಉಳಿದೆರಡು ದಿನ ಅದೂ ತಮ್ಮ ಗೌರವಾರ್ಥ ಮೌನ ಆಚರಿಸುತ್ತದೆ. ನಿಜ ಹೇಳಬೇಕೆಂದರೆ, ತಾವು ಕಟ್ಟಿಸಿದ ಹೆರಿಗೆ ಆಸ್ಪತ್ರೆಯಲ್ಲೇ ನನ್ನ ಮೊಮ್ಮಗಳು ಹುಟ್ಟಿದ್ದು, ಆ ದಿನ ಅಲ್ಲಿ ಡಾಕ್ಟರೂ ಇದ್ದರು, ಕರೆಂಟೂ ಇತ್ತು. ಅದಕ್ಕಾಗಿ ತಮಗೆ ನಾನು ಮನಸಾರೆ ಋಣಿ. ತಮ್ಮನ್ನು ಪೂರ್ತಿಯಾಗಿ ಬೈಯಲು ಬಾರದಂತೆ ತಾವು ಅಲ್ಲಲ್ಲಿ ಮಾಡಿಟ್ಟಿರುವ ಒಳ್ಳೆಯ ಕೆಲಸಗಳಿಂದ ನಮ್ಮಂಥವರಿಗೆ ಆಗುವ ಕಿರಿಕಿರಿ ಅಷ್ಟಿಷ್ಟಲ್ಲ.

ಇದೆಲ್ಲ ನನ್ನ ದೂರಲ್ಲ. ದೂರು ಇಲ್ಲಿಂದ ಶುರುವಾಗುತ್ತದೆ, ಕನ್ನಡಕ ಒರೆಸಿಕೊಳ್ಳಬೇಕೆಂದು ವಿನಂತಿ.

ಆಸ್ಪತ್ರೆಯಲ್ಲಿ ಹುಟ್ಟಿದಳೆಂದು ಹೇಳಿದೆನಲ್ಲ, ಆ ಮೊಮ್ಮಗಳಿಗೆ ಈಗ ಹನ್ನೆರಡು ವರ್ಷ. ಯಾವ ಮಾತನ್ನೂ ವಾದ ಮಾಡದೆ ಒಪ್ಪದ ಹುಡುಗಿಯಾದ್ದರಿಂದ ಮನೆಯಲ್ಲಿ ಅವಳನ್ನು ಲಾಯರಮ್ಮ ಎಂದೇ ಕರೆಯುತ್ತೇವೆ. ಹೊರಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ ನಾನು ಮನೆಯೊಳಗೆ ಆ ಹನ್ನೊಂದು ಸೆಕೆಂಡಿನ ಕಥೆಯನ್ನು ಅವಳಿಗೆ ಮಗುವಾಗಿದ್ದಾಗಿನಿಂದ ಹೇಳುತ್ತಾ ಬಂದಿದ್ದೇನೆ. ಅನ್ನ ಉಣ್ಣಲು ಹಟ ಮಾಡಿದಾಗ ಬೇರೆ ಮಕ್ಕಳಿಗೆ ರಾಜಕುಮಾರಿಯ ಕಥೆ ಹೇಳಿದರೆ, ಇವಳಿಗೆ ಮೂಗು ತುರಿಸಿದ ಕಥೆ ಹೇಳಬೇಕಾಗಿತ್ತು. ಈ ವರ್ಷ ಅವಳ ಸಮಾಜ ವಿಜ್ಞಾನದ ಪುಸ್ತಕದಲ್ಲಿ 'ಹನ್ನೊಂದು ಸೆಕೆಂಡು' ಎಂಬ ಪಾಠ ಬಂತು. ಪರೀಕ್ಷೆಯಲ್ಲಿ 'ಅಧ್ಯಕ್ಷರು ಏಕೆ ಮೌನವಾದರು? ಐದು ವಾಕ್ಯಗಳಲ್ಲಿ ಉತ್ತರಿಸಿ' ಎಂಬ ಐದು ಅಂಕದ ಪ್ರಶ್ನೆ ಬಂತು. ಜನರ ಕಷ್ಟ ನೆನೆದು, ಪೂರ್ವಜರ ತ್ಯಾಗ ನೆನೆದು, ಹೃದಯ ತುಂಬಿ ಎಂದೆಲ್ಲ ತರಗತಿಯವರೆಲ್ಲ ಬರೆದರು. ನಮ್ಮ ಲಾಯರಮ್ಮ ಒಂದೇ ವಾಕ್ಯ ಬರೆದಳು: 'ಅಧ್ಯಕ್ಷರು ನಮ್ಮ ಅಜ್ಜನಿಗಾಗಿ ಕಾಯುತ್ತಿದ್ದರು, ನಮ್ಮ ಅಜ್ಜ ಅಧ್ಯಕ್ಷರಿಗಾಗಿ ಕಾಯುತ್ತಿದ್ದ.'

ಸೊನ್ನೆ ಬಂತು. ಸೊನ್ನೆ ಬಂದದ್ದಕ್ಕೆ ಸುಮ್ಮನಿರುವ ಜಾತಿಯೇ ಅದಲ್ಲ. ಎದ್ದು ನಿಂತು ಪಾಠವೇ ತಪ್ಪು ಎಂದಳಂತೆ. ತರಗತಿ ಗೊಳ್ಳೆಂದಿತಂತೆ. ಸಮಾಜ ಪಾಠದ ಮೇಡಂ ಕೆಟ್ಟವರಲ್ಲ, ಆ ಪಾಠವನ್ನು ಕಣ್ಣಲ್ಲಿ ನೀರು ತಂದುಕೊಂಡು ಕಲಿಸುವವರು, ಅವರಿಗೆ ನೋವಾಯಿತು. ರಾಷ್ಟ್ರದ ಇತಿಹಾಸದ ಬಗ್ಗೆ ಸುಳ್ಳು ಹೇಳಿದ್ದಕ್ಕೆ ಎರಡು ಸಾಲಿನ ಕ್ಷಮಾಪಣೆ ಬರೆದುಕೊಟ್ಟು ತರಗತಿಗೆ ಬಾ, ಅಲ್ಲಿಯವರೆಗೆ ಲೈಬ್ರರಿಯಲ್ಲಿ ಕುಳಿತಿರು ಎಂದರು. ಬರೆಯಬೇಕಾದ ಸಾಲುಗಳನ್ನೂ ಅವರೇ ಹೇಳಿಕೊಟ್ಟರು: 'ನಮ್ಮ ಅಜ್ಜ ಹೇಳಿದ್ದು ಸುಳ್ಳು. ನಾನು ಅದನ್ನು ನಂಬಿದ್ದು ತಪ್ಪು.' ಇವಳು ಬರೆಯುವುದಿಲ್ಲ ಎಂದಳು. ಇಂದಿಗೆ ಒಂಬತ್ತು ಶಾಲಾ ದಿನಗಳಾದವು, ಮಾನ್ಯರೇ. ಒಂಬತ್ತು ದಿನದಿಂದ ಆ ಮಗು ಲೈಬ್ರರಿಯ ಉದ್ದನೆಯ ಮೇಜಿಗೆ ಒಬ್ಬಳೇ ಕುಳಿತು, ಬುತ್ತಿಯನ್ನೂ ಅಲ್ಲೇ ಒಬ್ಬಳೇ ಬಿಚ್ಚಿ ತಿಂದು ಬರುತ್ತಿದೆ. ಮೊದಲ ಎರಡು ದಿನ ಅವಳ ಗೆಳತಿ ಕಿಟಕಿಗೆ ಬಂದು ಮಾತಾಡಿಸುತ್ತಿದ್ದಳಂತೆ, ಈಗ ಅವಳೂ ಬರುವುದಿಲ್ಲ. ಇದನ್ನು ನಮ್ಮ ಮುಂದೆ ಹೇಳುವಾಗ ಲಾಯರಮ್ಮ ನಕ್ಕಳು, ಆ ನಗು ನೋಡಿ ನನಗೆ ಊಟ ಸೇರಲಿಲ್ಲ.

ನಾನು ಮೇಡಂ ಹತ್ತಿರ ಹೋಗಿ ವಿಷಯ ತಿಳಿಸಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹಿರಿಯರು ಅಂತ ಗೌರವ ಇದೆ, ಆದರೆ ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಗೆ ಒಪ್ಪಲಿ, ಅಧ್ಯಕ್ಷರ ಆತ್ಮಕಥೆ ಬರುತ್ತಿದೆಯಲ್ಲ, ಅದರಲ್ಲಿ ಅವರೇ ಹಾಗೆ ಬರೆದಿದ್ದರೆ ಪೂರ್ತಿ ಅಂಕ ಕೊಟ್ಟು ಒಳಗೆ ಕೂರಿಸುತ್ತೇನೆ ಎಂದರು. ನ್ಯಾಯವಾದ ಮಾತೇ ಅನ್ನಿಸಿತು. ಆ ದಿನ ಪುಸ್ತಕ ಬರಲು ಎರಡೇ ದಿನ ಉಳಿದಿತ್ತು. ಬಿಡುಗಡೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ತಾವು ಒಂದು ತಾರೀಖು ಮುಂದೂಡಿದಾಗಲೆಲ್ಲ ಲೈಬ್ರರಿಯಲ್ಲಿ ಒಂದು ಮಗುವಿನ ಶಿಕ್ಷೆಯೂ ಮುಂದುವರಿಯುತ್ತಿದೆ ಎಂಬುದನ್ನು ತಮ್ಮ ಪ್ರಕಾಶಕರು ತಮ್ಮ ಕಿವಿಗೆ ಹಾಕಿರಲಾರರು.

ನನ್ನ ಮಗಳು, ಎಂದರೆ ಲಾಯರಮ್ಮನ ತಾಯಿ, ಔಷಧದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಯಾವ ಕಾಯಿಲೆಗೂ ಸಣ್ಣ ಗುಳಿಗೆಯೇ ಮೇಲು ಎಂಬುದು ಅವಳ ಸ್ವಭಾವ. ಮೊನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತು, "ಅಪ್ಪಾ, ತಮಾಷೆಗೆ ಹೇಳಿದ್ದೆ ಅಂತ ಅವಳಿಗೆ ಒಂದು ಮಾತು ಹೇಳಿಬಿಡಿ. ಮಗು ವಾಪಸ್ ಕ್ಲಾಸಿಗೆ ಹೋಗ್ಲಿ," ಎಂದಳು. ತಪ್ಪಿಲ್ಲ. ನನ್ನ ಒಂದು ಸುಳ್ಳಿಗೆ ಮಗುವಿನ ಗೆಳತಿಯರೆಲ್ಲ ವಾಪಸ್ಸು ಬರುತ್ತಾರೆಂದರೆ ಅದೇನು ದೊಡ್ಡ ಬೆಲೆ? ಹೇಳಿಬಿಡೋಣ ಎಂದು ಶಾಲೆಗೆ ಹೊರಟಿದ್ದವಳ ಹತ್ತಿರ ಹೋದೆ. ಬೂಟಿನ ದಾರ ಕಟ್ಟುತ್ತಿದ್ದವಳು ತಲೆ ಎತ್ತಿ, ನಾನು ಬಾಯಿ ತೆರೆಯುವ ಮುಂಚೆಯೇ, "ಅಜ್ಜಾ, ನೀನು ಹೇಳಿದ್ದು ನಿಜ ತಾನೇ?" ಎಂದು ಕೇಳಿದಳು. ಒಂಬತ್ತು ದಿನದಲ್ಲಿ ಮೊದಲ ಸಲ ಕೇಳಿದ್ದು. ಹೌದು ಎನ್ನಲು ಮಗಳ ಮಾತು ಅಡ್ಡ ಬಂತು, ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಪುಸ್ತಕ ಬರಲಿ ಪುಟ್ಟಾ, ನೋಡೋಣ ಎಂದೆ. ಅವಳು ಇನ್ನೊಂದು ಬೂಟಿನ ದಾರ ಕಟ್ಟಿಕೊಂಡು ಹೋದಳು. ನನ್ನ ಬದುಕಿನಲ್ಲಿ ನಾನು ನಾಚಿಕೆಪಟ್ಟುಕೊಂಡ ದಿನಗಳಲ್ಲಿ ಅದಕ್ಕೇ ಮೊದಲ ಸ್ಥಾನ.

ಆದ್ದರಿಂದ ಮಾನ್ಯರಲ್ಲಿ ನನ್ನ ಬೇಡಿಕೆಗಳು ಹೀಗಿವೆ. ತಮ್ಮ ಒಂಬೈನೂರ ಹನ್ನೆರಡು ಪುಟಗಳಲ್ಲಿ ಎಲ್ಲಾದರೂ ಒಂದು ಕಡೆ, 'ರೋಲು ನಿಂತಿತ್ತು, ನಾನು ಕಾಯುತ್ತಿದ್ದೆ' ಎಂಬ ನಾಲ್ಕು ಪದಗಳಿಗೆ ಜಾಗ ಮಾಡಿಕೊಡಬೇಕು. ಮುಖ್ಯ ಭಾಗದಲ್ಲಿ ಕಷ್ಟವಾದರೆ ಇರುವೆ ಗಾತ್ರದ ಅಕ್ಷರದ ಅಡಿಟಿಪ್ಪಣಿಯಾದರೂ ಸಾಕು. ನಮ್ಮ ಲಾಯರಮ್ಮನ ಕಣ್ಣು ಚುರುಕಾಗಿದೆ. ಅದೂ ಆಗದಿದ್ದರೆ ಕೊನೆಗೆ ಅಂಟಿಸುವ ತಪ್ಪು-ಒಪ್ಪು ಚೀಟಿಯಲ್ಲಿ, 'ಪುಟ ಇಂಥದ್ದು, ಹೃದಯ ತುಂಬಿ ಎಂಬುದನ್ನು ಗಾಜು ಖಾಲಿಯಾಗಿ ಎಂದು ಓದಿಕೊಳ್ಳುವುದು' ಎಂದು ಹಾಕಿಸಬಹುದು. ಅದಕ್ಕೂ ತಮ್ಮ ಘನತೆ ಅಡ್ಡ ಬಂದರೆ, ಆ ಅಧ್ಯಾಯದ ಮಧ್ಯೆ ನಾಲ್ಕು ಬೆರಳು ಜಾಗವನ್ನು ಖಾಲಿ ಬಿಟ್ಟರೂ ನಾನು ಅರ್ಥ ಮಾಡಿಕೊಳ್ಳುತ್ತೇನೆ. ಯಾವುದೂ ಬೇಡವೆಂದರೆ ದಯಮಾಡಿ ಒಂದು ದಿನ ಬಿಡುವು ಮಾಡಿಕೊಂಡು ಶಾಲೆಯ ಲೈಬ್ರರಿಗೆ ಬಂದು, ಆ ಉದ್ದನೆಯ ಮೇಜಿನ ಇನ್ನೊಂದು ತುದಿಯಲ್ಲಿ ಕುಳಿತು, ಅವಳ ಜೊತೆ ಬುತ್ತಿ ಉಂಡು ಹೋಗಬೇಕು. ಅವಳು ವಾದ ಮಾಡುತ್ತಾಳೆ, ಬೇಸರಪಟ್ಟುಕೊಳ್ಳಬಾರದು.

ಇದನ್ನು ಬರೆಯುತ್ತಿರುವುದನ್ನು ನೋಡಿ ನಮ್ಮ ಮನೆಯವಳು ನಗುತ್ತಿದ್ದಾಳೆ. ಹನ್ನೆರಡು ವರ್ಷ ಆ ಮನುಷ್ಯನಿಗೆ ಸಾಲು ತೋರಿಸಿದ್ದು ನೀವು, ಈಗ ಆತ ನಿಮಗೆ ಒಂದು ಸಾಲು ತೋರಿಸುತ್ತಾನೆಂದು ಕುಳಿತಿದ್ದೀರಲ್ಲ, ನಿಮ್ಮಷ್ಟು ತಾಳ್ಮೆ ನನಗಿದ್ದಿದ್ದರೆ ನಲ್ಲಿ ಮುಂದೆ ಕುಳಿತು ದಿನಾ ನೀರು ಹಿಡಿಯುತ್ತಿದ್ದೆ ಎಂಬುದು ಅವಳ ಅಭಿಪ್ರಾಯ. ತಮ್ಮ ಬಗ್ಗೆ ಅವಳಿಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಪತ್ರ ಮುಗಿಸುವ ಹೊತ್ತಿಗೆ ಪುಸ್ತಕದ ಅಂಗಡಿಯವರು ಹೊಸ ಚೀಟಿ ಹಿಡಿದು ಏಣಿ ಹತ್ತಿದ್ದು ಕಿಟಕಿಯಿಂದ ಕಾಣಿಸಿತು. ಹೋಗಿ ಕೇಳಿದೆ. ನಾಲ್ಕನೆಯ ಸಲ ಮುಂದಕ್ಕೆ ಹೋಗಿದೆಯಂತೆ. ಪುಸ್ತಕವೆಲ್ಲ ಸಿದ್ಧವಾಗಿದೆ, ಕೊನೆಯ ವಾಕ್ಯ ಒಂದು ತಮಗೆ ಹೊಳೆಯುತ್ತಿಲ್ಲ, ಅದಕ್ಕಾಗಿ ಕಾಯುತ್ತಿದ್ದೀರಿ ಎಂದು ಪ್ರಕಾಶಕರು ತಿಳಿಸಿದ್ದಾರಂತೆ. ತಮ್ಮ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಅರ್ಥವಾಗುತ್ತದೆ? ತಾವು ನಿಧಾನವಾಗಿ ಯೋಚಿಸಿ ಬರೆಯಿರಿ. ಅಭ್ಯಾಸವಿದೆ, ನಾನು ಕಾಯುತ್ತೇನೆ.

ಇಂತು, ತಮ್ಮ ಉಸಿರಿನ ಹಿಂದೆಯೇ ಹನ್ನೆರಡು ವರ್ಷ ನಡೆದ

ತಮ್ಮ ವಿಶ್ವಾಸಿ,
ರೋಲಪ್ಪ

ತಾ.ಕ.: ಕಾಯುತ್ತೇನೆ ಎಂದು ಮೇಲೆ ಬರೆದೆನಲ್ಲ, ಕಾಯಲಿಲ್ಲ, ಮನ್ನಿಸಬೇಕು. ಪತ್ರವನ್ನು ಲಕೋಟೆಗೆ ಹಾಕುವಾಗ, ಧ್ವನಿ ಬರಲಿ ಎಂದು ಇನ್ನೂ ಹಿಡಿಕೆ ಹಿಡಿದುಕೊಂಡೇ ಕುಳಿತಿದ್ದೀಯಲ್ಲೋ ಮುದುಕಾ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ತಮ್ಮ ಅಂದಿನ ಭಾಷಣವನ್ನು ಪಾಠಪುಸ್ತಕ ನೋಡಿ ಬರೆದು, 'ಪ್ರತಿಯೊಂದು ಮನೆಗೂ ನಾನು' ಎಂಬಲ್ಲಿಗೇ ಸರಿಯಾಗಿ ಅಂಟಿಸಿ, ಮನೆಯವಳ ಲಟ್ಟಣಿಗೆಯನ್ನೂ ಪಕ್ಕದ ಮನೆಯಿಂದ ಕಡ ತಂದ ಇನ್ನೊಂದು ಲಟ್ಟಣಿಗೆಯನ್ನೂ ಉರುಳೆ ಮಾಡಿ, ಬೂಟಿನ ಪೆಟ್ಟಿಗೆಗೆ ಕಿಟಕಿ ಕೊರೆದು, ಸೋಮವಾರ ಬೆಳಿಗ್ಗೆ ಕರೆಯದಿದ್ದರೂ ಶಾಲೆಗೆ ಹೋದೆ. ಹೋಗುವ ಮುನ್ನ ಲಾಯರಮ್ಮನಿಗೆ, ನಾನು ಹೇಳಿದ್ದು ಅಕ್ಷರಶಃ ನಿಜ, ಮೊನ್ನೆಯೇ ಹೇಳಬೇಕಿತ್ತು, ಹೇಳದೆ ಹೋದದ್ದು ನನ್ನ ತಪ್ಪು ಎಂದು ಹೇಳಿದೆ. ಹೂಂ ಎಂದಳು. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ಅವಳೇ ಹೊತ್ತಳು.

ಮೇಡಂಗೆ, ಐದು ನಿಮಿಷ ಕೊಡಿ, ಆಮೇಲೆ ತಾವು ಹೇಳಿದ ಕ್ಷಮಾಪಣೆಯನ್ನು ನಾನೇ ಬರೆದು ಸಹಿ ಹಾಕುತ್ತೇನೆ ಎಂದೆ. ಮೇಡಂ ದೊಡ್ಡ ಮನಸ್ಸು ಮಾಡಿ, ಮೂವತ್ತೆರಡು ಮಕ್ಕಳ ಎದುರಿಗೆ ತಾವೇ ಅಧ್ಯಕ್ಷರಾಗಿ ನಿಂತರು. ನಾನು ಮೇಜಿನ ಕೆಳಗೆ ಕುಳಿತೆ. ಆ ಭಾಷಣ ಅವರಿಗೆ ಬಾಯಿಪಾಠ ಬಂದರೂ, ಪೆಟ್ಟಿಗೆಯ ಕಿಟಕಿಯಲ್ಲಿ ಕಂಡದ್ದನ್ನು ಬಿಟ್ಟು ಒಂದು ಪದವನ್ನೂ ಹೇಳಬಾರದು ಎಂದು ಒಪ್ಪಂದವಾಗಿತ್ತು. ಪೂರ್ವಜರನ್ನೆಲ್ಲ ಚೆನ್ನಾಗಿ ದಾಟಿ ಬಂದು, 'ಪ್ರತಿಯೊಂದು ಮನೆಗೂ ನಾನು' ಎಂದು ಉಸಿರು ತೆಗೆದುಕೊಂಡರು. ನಾನು ಲಟ್ಟಣಿಗೆ ನಿಲ್ಲಿಸಿದೆ. ಅವರು ಕಾದರು. ನಾನು ಕಾದೆ. ಬಾಗಿಲ ಹತ್ತಿರ ನಿಂತಿದ್ದ ಲಾಯರಮ್ಮ ಬೆರಳು ಮಡಿಸಿ ಎಣಿಸುತ್ತಿದ್ದಳು. ನಾಲ್ಕನೆಯ ಬೆರಳಿಗೆ ಮೇಡಂ ಬಗ್ಗಿ ನೋಡಿ, "ಸಾರ್, ಮುಂದಿನ ಸಾಲು ಕಾಣ್ತಿಲ್ಲ, ಸ್ವಲ್ಪ ತಿರುಗಿಸ್ತೀರಾ?" ಎಂದರು. ಎಂದವರೇ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಮಕ್ಕಳು ನಕ್ಕ ನಗು ರಸ್ತೆಗೆ ಕೇಳಿಸಿರಬೇಕು.

ಐದು ವಾಕ್ಯ ಕೇಳಿದ್ದಕ್ಕೆ ಒಂದೇ ಬರೆದಿದ್ದಾಳೆಂದು ಮೇಡಂ ಐದಕ್ಕೆ ಮೂರು ಅಂಕ ಕೊಟ್ಟು ಲಾಯರಮ್ಮನನ್ನು ಮೂರನೆಯ ಬೆಂಚಿಗೆ ವಾಪಸ್ಸು ಕೂರಿಸಿದ್ದಾರೆ. ಉಳಿದ ಎರಡಕ್ಕೆ ಅವಳ ವಾದ ನಡೆಯುತ್ತಿದೆ. ಹೀಗಾಗಿ ನನ್ನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದಿದ್ದೇನೆ, ಪುಸ್ತಕವನ್ನು ತಾವು ತಮಗೆ ತೋಚಿದಂತೆ ಮುಗಿಸಬಹುದು. ಮುಂದಿನ ಸಾಲು ಕಾಣುತ್ತಿಲ್ಲ ಎಂದು ಹೇಳಲು ಮೇಡಂಗೆ ನಾಲ್ಕು ಸೆಕೆಂಡು ಸಾಕಾಯಿತು. ತಮಗೆ ಹನ್ನೊಂದು ಸೆಕೆಂಡು, ಇಪ್ಪತ್ತೆಂಟು ವರ್ಷ ಮತ್ತು ಒಂಬೈನೂರ ಹನ್ನೆರಡು ಪುಟ ಸಾಲದೆ ಹೋದವು. ಕೊನೆಯ ವಾಕ್ಯ ಇನ್ನೂ ಹೊಳೆದಿಲ್ಲವಾದರೆ ಮೇಡಂ ಹೇಳಿದ್ದನ್ನೇ ಬಳಸಿಕೊಳ್ಳಿ. ಮೇಡಂ ಅವರದ್ದೇನೂ ಅಭ್ಯಂತರವಿಲ್ಲವೆಂದು ಕೇಳಿಕೊಂಡೇ ಬಂದಿದ್ದೇನೆ.